ಸಸ್ಯೋದ್ಯಾನಕ್ಕೆ ಹೋಗುವಾಗ ಕಿಸೆಯಲ್ಲಿ ಏನಿರಬೇಕು: ಆ್ಯಪ್, ಕ್ಲಿಪ್ ಲೆನ್ಸ್, ಇಲ್ಲಾ ಭೂತಗನ್ನಡಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಭೂತಗನ್ನಡಿಗೆ. ಪತ್ತೇದಾರರ ಕೈಯಲ್ಲಿರುವಂಥ ಹಿಡಿಕೆಯ ದೊಡ್ಡ ಗಾಜಲ್ಲ. ಅಕ್ಕಸಾಲಿಗರು ಹರಳು ನೋಡಲು ಇಟ್ಟುಕೊಳ್ಳುತ್ತಾರಲ್ಲ, ಮಡಚಿ ಮುಷ್ಟಿಯೊಳಗೆ ಹಿಡಿಯಬಹುದಾದ 10 ಪಟ್ಟಿನ ಲೂಪ್, ಅದು. ಗಿಡದ ಹೆಸರು ಹೇಳುವ ಆ್ಯಪ್ ಪುಕ್ಕಟೆ ಬರುತ್ತದೆ, ಮೊಬೈಲ್ ಕ್ಯಾಮೆರಾಕ್ಕೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಲೂಪ್‌ಗಿಂತ ಜಾಸ್ತಿ ದುಡ್ಡು ಕೇಳುತ್ತದೆ. ಮೂರನ್ನೂ ಹಿಡಿದು ಅಡ್ಡಾಡಿ ನೋಡಿದ ಮೇಲೆ ಈಗ ನನ್ನ ಚೀಲದಲ್ಲಿ ಉಳಿದಿರುವುದು ಲೂಪ್ ಒಂದೇ.

ಇಷ್ಟೆಲ್ಲ ಶುರುವಾದದ್ದು ಅಕ್ಕನ ಮಗನಿಂದ. ಧಾರವಾಡದಲ್ಲಿ ಬಿಎಸ್ಸಿ ಓದುತ್ತಾನೆ, ಬಾಟನಿ ಇದೆ. ಗಿಡ ನೋಡಿ ಅದು ಯಾವ ಕುಟುಂಬದ್ದು ಅಂತ ಗುರುತಿಸಿ ವಹಿಯಲ್ಲಿ ಬರೆಯಬೇಕು. ನನಗೋ ಗಿಡಗಳ ಹುಚ್ಚು ಮೊದಲಿನಿಂದಲೂ ಇದೆ. ಹೀಗಾಗಿ ಬಿಡುವಿದ್ದ ದಿನ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತುತ್ತೇನೆ, ಅವನು ಧಾರವಾಡದಲ್ಲಿ ಸಿಗುತ್ತಾನೆ, ಇಬ್ಬರೂ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಹೋಗುತ್ತೇವೆ. ರಜೆ ದಿನ ಹೋಗುವವರು ಒಳಗೆ ಬಿಡುತ್ತಾರೋ ಇಲ್ಲವೋ ವಿಚಾರಿಸಿಕೊಂಡೇ ಹೋಗಿ.

ಧಾರವಾಡದಲ್ಲಿ ಈ ಕೆಲಸಕ್ಕೆ ಒಂದು ಅನುಕೂಲವಿದೆ. ಊರು ಮಲೆನಾಡು ಮತ್ತು ಬಯಲುಸೀಮೆ ಕೂಡುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿ ಕಡೆ ತೇಗ, ಮತ್ತಿ. ಪೂರ್ವಕ್ಕೆ ನವಲಗುಂದದ ಎರಿಭೂಮಿ ಕಡೆ ಜಾಲಿ, ಬನ್ನಿ. ಎರಡೂ ಸೀಮೆಯ ಗಿಡ ನೋಡಲು ಬಹಳ ದೂರ ಹೋಗಬೇಕಿಲ್ಲ. ತೊಂದರೆ ಏನೆಂದರೆ ಇವುಗಳಲ್ಲಿ ಎಷ್ಟೋ ಗಿಡಗಳು ದೂರದಿಂದ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಎಲೆಯ ಬೆನ್ನಿನಲ್ಲಿ, ತೊಟ್ಟಿನ ಬುಡದಲ್ಲಿ, ಹೂವಿನ ಒಳಗೆ.

ಮೊದಲು ಆ್ಯಪ್ ವಿಷಯ ಮುಗಿಸುತ್ತೇನೆ. ಫೋಟೋ ಹೊಡೆದರೆ ಹೆಸರು ಹೇಳುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಗುಲ್‌ಮೊಹರ್, ರೇನ್ ಟ್ರೀ, ಆಕಾಶಮಲ್ಲಿಗೆ ಇಂಥವನ್ನು ತಟ್ಟನೆ ಹೇಳುತ್ತವೆ. ಲೋಕದ ತುಂಬ ರಸ್ತೆ ಬದಿ ನೆಟ್ಟ ಗಿಡಗಳು, ಫೋಟೋಗಳಿಗೆ ಬರವಿಲ್ಲ. ನಮ್ಮ ಕಡೆಯ ಗಿಡ ಬಂದಾಗ ತಡವರಿಸುತ್ತವೆ. ನಾವು ಹಾಕಿಕೊಂಡಿದ್ದ ಆ್ಯಪ್ ಬನ್ನಿ ಗಿಡವನ್ನು ಬಳ್ಳಾರಿ ಜಾಲಿ ಅಂದಿತು. ಎರಡೂ ಹತ್ತಿರದ ನೆಂಟರೇ, ಎಲೆಯೂ ಸಣ್ಣ ಸಣ್ಣದೇ, ಆ್ಯಪ್‌ನದು ಪೂರಾ ತಪ್ಪು ಅನ್ನಲಿಕ್ಕೂ ಆಗುವುದಿಲ್ಲ. ಆದರೆ ಟೊಂಗೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರೆ ಸಾಕು. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಇರುತ್ತದೆ, ಹೆಚ್ಚಾಗಿ ಜೋಡಿಯಾಗಿ. ಬನ್ನಿಯದು ಗೆಣ್ಣು ಗೆಣ್ಣುಗಳ ನಡುವೆ, ಟೊಂಗೆಯ ಉದ್ದಕ್ಕೂ ಚೆದುರಿರುವ ಗಿಡ್ಡ ಮುಳ್ಳು. ನಾವು ಫೋನ್ ಹಿಡಿದು ಚರ್ಚೆ ಮಾಡುತ್ತ ನಿಂತದ್ದನ್ನು ನೋಡಿ ಅಲ್ಲೇ ಕಸ ತೆಗೆಯುತ್ತಿದ್ದ ಮಾಲಿಯೊಬ್ಬರು ನಕ್ಕರು. "ಅದು ಬನ್ನೀರಿ ಅಕ್ಕಾರ. ದಸರಾಕ್ಕ ನೀವ ಕೊಡಂಗಿಲ್ಲೇನು?"

ಮಾಲಿಗಳ ಬಗ್ಗೆ ಒಂದೇ ಮಾತು: ಊರ ಹೆಸರಿನ ಮಟ್ಟಿಗೆ ಅವರನ್ನು ಮೀರಿಸುವ ಆ್ಯಪ್ ಇಲ್ಲ. ಚಹಾಕ್ಕೆ ಕರೆದರೆ ಹೆಸರಿನ ಜೊತೆ ಔಷಧವೂ ಗೊತ್ತಾಗುತ್ತದೆ.

ಇನ್ನು ಕ್ಲಿಪ್ ಲೆನ್ಸ್. ಇದರ ಬಗ್ಗೆ ಹೇಳುವುದು ಬಹಳ ಇದೆ.

ಆನ್‌ಲೈನ್‌ನಲ್ಲಿ ತರಿಸಿದ್ದು, 600ರ ಆಸುಪಾಸು. ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಒಂದು ಗಾಜು ಕೂರಿಸಿರುತ್ತಾರೆ, ಅದನ್ನು ಮೊಬೈಲ್ ಕ್ಯಾಮೆರಾ ಮೇಲೆ ಸಿಕ್ಕಿಸಬೇಕು. ಜಾಹೀರಾತಿನಲ್ಲಿ ಇರುವೆಯ ಕಣ್ಣು, ಇಬ್ಬನಿ ಹನಿ, ಎಲ್ಲ ಝಗಝಗ. ಮೊದಲ ತೊಡಕು ಕವರ್. ಮೊಬೈಲಿನ ಹಿಂದಿನ ಕವರ್ ತೆಗೆಯದೆ ಕ್ಲಿಪ್ ಸರಿಯಾಗಿ ಕೂರುವುದಿಲ್ಲ. ಕವರ್ ತೆಗೆದ ಮೊಬೈಲನ್ನು ಗುಡ್ಡದ ಕಲ್ಲುದಾರಿಯಲ್ಲಿ ಕೈಯಲ್ಲಿ ಹಿಡಿದು ಅಡ್ಡಾಡುವುದು ನನ್ನಂಥವಳಿಗೆ ಆಗದ ಕೆಲಸ. ಕಂತು ಇನ್ನೂ ತೀರಿಲ್ಲ.

ಎರಡನೆಯದು, ಈಗಿನ ಮೊಬೈಲ್‌ಗಳಿಗೆ ಒಂದಲ್ಲ, ಮೂರು ಕ್ಯಾಮೆರಾ. ಯಾವುದರ ಮೇಲೆ ಕೂರಿಸುವುದು? ಮುಖ್ಯ ಕ್ಯಾಮೆರಾ ಹುಡುಕಿ ಅದರ ನಟ್ಟನಡುವೆ ಕೂರಿಸಬೇಕು, ಒಂದು ಕೂದಲೆಳೆ ಸರಿದರೂ ಚಿತ್ರದ ಒಂದು ಮೂಲೆ ಕಪ್ಪು. ಕೂರಿಸಿದಿರಿ ಅನ್ನಿ. ಹೂವಿನ ಹತ್ತಿರ ಒಯ್ದ ಕೂಡಲೇ ಫೋನ್ ತಾನಾಗಿಯೇ ಇನ್ನೊಂದು ಕ್ಯಾಮೆರಾಕ್ಕೆ ಹಾರುತ್ತದೆ. ಹತ್ತಿರದ ವಸ್ತು ಬಂತಲ್ಲ, ಅದಕ್ಕೆ ಬೇರೆ ಕಣ್ಣು ಒಳ್ಳೆಯದು ಅಂತ ಅದರ ಲೆಕ್ಕಾಚಾರ. ಆ ಕಣ್ಣಿನ ಮುಂದೆ ಲೆನ್ಸ್ ಇಲ್ಲ, ಕ್ಲಿಪ್ಪಿನ ಪ್ಲಾಸ್ಟಿಕ್ ಇದೆ. ಸೆಟ್ಟಿಂಗ್ಸ್ ಒಳಗೆ ಹೋಗಿ ಅದನ್ನು ಬಂದ್ ಮಾಡಬೇಕು. ನಮ್ಮ ಹುಡುಗ ಮಾಡಿದ. ಮುಂದಿನ ಅಪ್‌ಡೇಟ್ ಬಂದ ಮೇಲೆ ಅದು ಮತ್ತೆ ಚಾಲೂ ಆಗಿತ್ತು.

ಇದೆಲ್ಲ ದಾಟಿದರೂ ಗಾಳಿಯನ್ನು ದಾಟಲು ಆಗುವುದಿಲ್ಲ. ವಿಶ್ವವಿದ್ಯಾಲಯ ಇರುವುದು ಚೋಟಾ ಮಹಾಬಳೇಶ್ವರ ಗುಡ್ಡದ ಮೇಲೆ. ಆಷಾಢ, ಶ್ರಾವಣದಲ್ಲಿ ಅಲ್ಲಿ ಗಾಳಿ ನಿಂತ ಹೊತ್ತು ಕಡಿಮೆ. ಇಂಥ ಲೆನ್ಸ್ ಸ್ಪಷ್ಟವಾಗಿ ತೋರಿಸುವುದು ಕೇವಲ ಒಂದೆರಡು ಮಿಲಿಮೀಟರ್ ಆಳವನ್ನು. ಹೂವು ಆಚೆ ಈಚೆ ಅಲುಗಿದರೆ ಚಿತ್ರ ಮಬ್ಬು. ನಾನು ಟೊಂಗೆ ಹಿಡಿದೆ, ಅವನು ಫೋನ್ ಹಿಡಿದ. ನನ್ನ ಕೈ ನಡುಕ, ಅವನ ಉಸಿರು, ಮೇಲಿಂದ ಜಿಟಿಜಿಟಿ ಮಳೆ. ಅದರ ಮೇಲೆ ಫೋನನ್ನು ಒಂದೆರಡು ಸೆಂಟಿಮೀಟರ್ ಹತ್ತಿರ ಒಯ್ದಾಗ ಫೋನಿನದೇ ನೆರಳು ಹೂವಿನ ಮೇಲೆ ಬಿತ್ತು. "ಮಾವಶಿ, ಇದರಾಗ ಮಬ್ಬು ಬಿಟ್ಟರ ಏನೂ ಕಾಣವಲ್ದು" ಅಂದ. ಗ್ಯಾಲರಿ ತುಂಬ ಹಸಿರು ಮಬ್ಬು, ಹಳದಿ ಮಬ್ಬು. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಒಯ್ದಾಗಂತೂ ಚೀಲದಿಂದ ಹೊರಗೇ ತೆಗೆಯಲಿಲ್ಲ. ಗಾಳಿಯಂತ್ರ ನಿಲ್ಲಿಸಿರುವ ಸೀಮೆಯಲ್ಲಿ ಹೂವು ಅಲುಗದೆ ಇರುತ್ತದೆಯೇ?

ಮನೆಯಲ್ಲಿ ಟೇಬಲ್ ಮೇಲೆ ಹೂವಿಟ್ಟು, ಕಿಟಕಿ ಮುಚ್ಚಿ, ಫೋನನ್ನು ಡಬ್ಬಿಗಳ ಮೇಲೆ ಕೂರಿಸಿ ತೆಗೆದರೆ ಚಿತ್ರ ಭಾರಿ ಚಂದ ಬರುತ್ತದೆ. ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ನಾನು ಕೇಳುತ್ತಿರುವುದು ತೋಟದಲ್ಲಿ ಅಡ್ಡಾಡುವಾಗಿನ ಮಾತು.

ಲೂಪ್‌ನಲ್ಲಿ ಈ ರಗಳೆ ಇಲ್ಲ. ಗಿಡದ ಹತ್ತಿರ ಅದನ್ನು ಒಯ್ಯುವ ಅಗತ್ಯವೇ ಇಲ್ಲ, ಬಿದ್ದ ಹೂವನ್ನೋ ಎಲೆಯನ್ನೋ ಕಣ್ಣಿನ ಹತ್ತಿರ ತರುತ್ತೀರಿ. ಲೂಪ್ ಹಿಡಿದ ಕೈ ಕೆನ್ನೆಗೆ ಆನಿಸಿ, ಗಾಜು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಳ್ಳಿ. ಇನ್ನೊಂದು ಕೈಯಲ್ಲಿ ಹೂವು ಹಿಡಿದು ಆ ಕೈಯನ್ನು ಲೂಪ್ ಹಿಡಿದ ಕೈಗೆ ಒತ್ತಿ, ಸ್ಪಷ್ಟವಾಗುವ ತನಕ ಹತ್ತಿರ ತನ್ನಿ. ಕೈಗೆ ಕೈ ಆಸರೆಯಾದ್ದರಿಂದ ನಡುಗಿದರೂ ಎರಡೂ ಕೂಡಿಯೇ ನಡುಗುತ್ತವೆ. ಗಾಳಿಗೆ ಬೆನ್ನು ಮಾಡಿ ನಿಂತರೆ ಸಾಕು. ಭೂತಗನ್ನಡಿಯನ್ನು ಪೇಪರ್ ಓದುವಂತೆ ದೂರ ಹಿಡಿದು ನೋಡಿ "ಏನೂ ಕಾಣಲ್ಲ" ಅನ್ನುವವರೇ ಜಾಸ್ತಿ.

ಇದರಲ್ಲಿ ಏನು ಕಾಣುತ್ತದೆ ಅಂತ ಕೇಳಿದರೆ ಮೂರು ನಾಲ್ಕು ಹೇಳುತ್ತೇನೆ. ಪತ್ರಿಯ (ಬಿಲ್ವದ) ಎಲೆ, ನಿಂಬೆ ಎಲೆ, ಕರಿಬೇವಿನ ಎಲೆ, ಬಳವಲದ (ಬೇಲದ) ಎಲೆ, ನಾಲ್ಕನ್ನೂ ಬೆಳಕಿಗೆ ಹಿಡಿದು ನೋಡಿ. ಎಲೆಯ ಮೈತುಂಬ ಪಾರದರ್ಶಕ ಚುಕ್ಕೆಗಳು. ಅವು ಎಣ್ಣೆಯ ಗ್ರಂಥಿಗಳು, ಹಿಚುಕಿದಾಗ ಘಮ ಬರುವುದು ಅವುಗಳಿಂದಲೇ. ನಾಲ್ಕೂ ಒಂದೇ ಕುಟುಂಬದವು ಅಂತ ಪುಸ್ತಕದಲ್ಲಿ ಓದಿದ್ದ ಹುಡುಗನಿಗೆ ಅದು ಎದುರಿಗೇ ಕಂಡಿತು. ತೇಗದ ಎಲೆಯ ಬೆನ್ನಿನಲ್ಲಿ ಒತ್ತಾದ ರೋಮಗಳಿವೆ, ಲೂಪ್ ಹಿಡಿದರೆ ಒಂದೊಂದೂ ನಕ್ಷತ್ರದಾಕಾರ. ಚಿಗುರೆಲೆಯನ್ನು ಬೆರಳಲ್ಲಿ ತಿಕ್ಕಿದರೆ ಕೆಂಪು ಬಣ್ಣ ಬರುತ್ತದೆ, ಅದಕ್ಕೆ ಲೂಪ್ ಬೇಡ. ಮತ್ತಿಯ ಎಲೆಯ ಹಿಂಬದಿ ನಡುನರದ ಬುಡದ ಹತ್ತಿರ ಒಂದೋ ಎರಡೋ ಪುಟ್ಟ ಗ್ರಂಥಿ ಇರುತ್ತದೆ. ಬರಿಗಣ್ಣಿಗೆ ಅದು ಹುಳ ಕಡಿದ ಗಂಟು ಅನಿಸುತ್ತದೆ. ಜರಿಗಿಡದ ಎಲೆಯ ಕೆಳಗಿನ ಕಂದು ಕಲೆ ರವೆ ಅಂಟಿಸಿದ ಹಾಗೆ ಕಾಳುಕಾಳಾಗಿ ಒಡೆಯುತ್ತದೆ, ಒಂದೊಂದು ಕಾಳೂ ಬೀಜಾಣು ತುಂಬಿದ ಚೀಲ. ಚೆಂಡು ಹೂವಿನ ನಡುವೆ ಕೊಳವೆಯಂಥ ನೂರಾರು ಪುಟ್ಟ ಹೂಗಳು. ನಾವು ಎಸಳು ಅನ್ನುವುದೂ ಒಂದೊಂದು ಹೂವೇ.

ಹಾಳು ಕಾಂಗ್ರೆಸ್ ಕಸ ಕೂಡ ಲೂಪ್‌ನಲ್ಲಿ ಚಂದವೇ. ಆ ಬಿಳಿ ಗುಂಡಿಯ ಅಂಚಿಗೆ ಐದು ಮೂಲೆಯಲ್ಲಿ ಐದು ಪುಟಾಣಿ ಹೂಗಳು. ಆದರೆ ಅದನ್ನು ಮೂಗಿನ ಹತ್ತಿರ ತರಬೇಡಿ. ಅದರ ಪರಾಗಕ್ಕೆ ಎಷ್ಟೋ ಜನರಿಗೆ ಸೀನು, ಉಬ್ಬಸ, ಚರ್ಮದ ತುರಿಕೆ ಬರುತ್ತದೆ. ಲೂಪ್‌ಗೆ ಇರುವ ದೊಡ್ಡ ಅಪಾಯವೇ ಇದು, ಹೂವು ಎಲೆ ಮುಖದ ಹತ್ತಿರ ಬರುತ್ತವೆ. ಎಕ್ಕೆಯ ಹೂವಂತೂ ನೋಡಲೇಬೇಕಾದದ್ದು, ಆದರೆ ಟೊಂಗೆಯಿಂದ ಕೀಳಬೇಡಿ, ಉದುರಿದ್ದನ್ನೇ ಎತ್ತಿಕೊಳ್ಳಿ. ಎಕ್ಕೆ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಕರಿಗುಡ್ಡೆಗೇ ಪೆಟ್ಟು ಬೀಳಬಹುದು. ಅದನ್ನು ಮುಟ್ಟಿದ ಕೈ ತೊಳೆಯದೆ ಲೂಪ್ ಹಿಡಿಯಬಾರದು. ಹಾಗೆ ನೋಡಿದರೆ ಸಸ್ಯೋದ್ಯಾನದಲ್ಲಿ ಏನನ್ನೂ ಕೀಳುವ ಹಾಗಿಲ್ಲ. 2019ರಿಂದ ವನ್ಯಜೀವಿಧಾಮವಾಗಿರುವ ಕಪ್ಪತಗುಡ್ಡದಲ್ಲಂತೂ ಮೊದಲೇ ಇಲ್ಲ.

ಖರೀದಿ ಮಾಡುವವರಿಗೆ ಒಂದು ಲೆಕ್ಕ. ಅಂಗಡಿಯಲ್ಲಿ 20, 30, 40 ಪಟ್ಟು ಅಂತ ಬರೆದ ಲೂಪ್‌ಗಳು ಒಂದರ ಪಕ್ಕ ಒಂದು ಇರುತ್ತವೆ. ಜಾಸ್ತಿ ಇದ್ದದ್ದೇ ಒಳ್ಳೆಯದು ಅಂತ ಅನಿಸುವುದು ಸಹಜ. 250 ಮಿಲಿಮೀಟರನ್ನು ಪಟ್ಟಿನಿಂದ ಭಾಗಿಸಿ, ವಸ್ತುವನ್ನು ಗಾಜಿನಿಂದ ಎಷ್ಟು ದೂರ ಹಿಡಿಯಬೇಕು ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ. 10 ಪಟ್ಟಾದರೆ 25 ಮಿಲಿಮೀಟರ್. 20 ಪಟ್ಟಾದರೆ 12.5. ನಿಜವಾಗಿ 40 ಪಟ್ಟಿದ್ದರೆ ಆರು ಮಿಲಿಮೀಟರ್ ಚಿಲ್ಲರೆ, ಅಂದರೆ ಹೂವು ಗಾಜಿಗೆ ಮುತ್ತಿಡಬೇಕು. ಮೇಲೆ 40 ಅಂತ ಬರೆದದ್ದು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟವಾಗಿ ತೋರಿಸುತ್ತಿದೆ ಅಂದರೆ ಅದು ಹತ್ತರದ್ದೇ, ಅಂಕಿ ಬರೀ ಅಲಂಕಾರ. ಅಂಗಡಿಯವರ ಎದುರೇ ನಿಮ್ಮ ಬೆರಳಿನ ಗೆರೆ ನೋಡಿ ಪರೀಕ್ಷೆ ಮಾಡಬಹುದು. ನಿಜವಾದ 20 ಪಟ್ಟಿನದು ನನ್ನ ಹತ್ತಿರವೂ ಇದೆ. ಕತ್ತಲು ಜಾಸ್ತಿ, ಕಾಣುವ ಜಾಗ ಸಣ್ಣದು, ಕೈ ಸ್ವಲ್ಪ ಸರಿದರೂ ಕಳೆದುಹೋಗುತ್ತದೆ. ಮನೆಯಲ್ಲಿ ಸರಿ, ತೋಟದಲ್ಲಿ ಬೇಡ. ಪೇಪರ್ ಓದುವ ದೊಡ್ಡ ಪ್ಲಾಸ್ಟಿಕ್ ಭೂತಗನ್ನಡಿ ಎರಡು ಮೂರು ಪಟ್ಟಷ್ಟೇ, ಗ್ರಂಥಿ ಕಾಣುವುದಿಲ್ಲ.

ಬೈನಾಕ್ಯುಲರ್ ಇದ್ದವರು ಅದನ್ನು ತಿರುಗಾಮುರುಗಾ ಹಿಡಿದು, ಕಣ್ಣಿಡುವ ಗಾಜನ್ನು ಹೂವಿನ ಹತ್ತಿರ ಒಯ್ದು, ದೊಡ್ಡ ಗಾಜಿನ ಕಡೆಯಿಂದ ನೋಡಬಹುದು, ಕೆಲಸ ನಡೆಯುತ್ತದೆ.

ಪುಸ್ತಕವನ್ನೂ ಇದೇ ಹೋಲಿಕೆಯಲ್ಲಿ ಸೇರಿಸಬೇಕಿತ್ತೇನೋ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಕಾರಣ ನಮ್ಮ ಗಿಡಗಳ ವಿವರ ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಮುಂಬೈ ಪ್ರಾಂತ್ಯದ ಸಸ್ಯಸಂಪುಟಗಳಲ್ಲಿ ಸಿಗುತ್ತದೆ. ಇಂಥ ಪುಸ್ತಕ ಹೊತ್ತುಕೊಂಡು ತೋಟ ಸುತ್ತಲು ಆಗುವುದಿಲ್ಲ. ಆದರೆ ಅದು ಕೇಳುವ ಪ್ರಶ್ನೆಗಳೇ ಬೇರೆ: ಎಲೆಯಲ್ಲಿ ಚುಕ್ಕೆ ಇದೆಯೇ, ತೊಟ್ಟಿಗೆ ರೋಮ ಇದೆಯೇ, ಗ್ರಂಥಿ ಎಲ್ಲಿದೆ. ತೋಟದಲ್ಲಿ ಲೂಪ್ ಹಿಡಿದು ನೋಡಿದ್ದನ್ನು ವಹಿಯಲ್ಲಿ ಗೀಚಿಕೊಂಡು ಬಂದರೆ ಲೈಬ್ರರಿಯಲ್ಲಿ ಕೂತಾಗ ಉತ್ತರ ಇರುತ್ತದೆ. ಆ್ಯಪ್ ಬರೀ ಹೆಸರು ಕೊಡುತ್ತದೆ, ಯಾಕೆ ಆ ಹೆಸರು ಅಂತ ವಹಿಯಲ್ಲಿ ಬರೆಯಲಿಕ್ಕೆ ಏನೂ ಕೊಡುವುದಿಲ್ಲ.

ನನಗೆ ಲೂಪ್ ಒಗ್ಗಿದ್ದಕ್ಕೆ ನನ್ನ ರೂಢಿಯೂ ಕಾರಣ. ನಾನು ಚಿತ್ರ ತೆಗೆದು ಸ್ಟೇಟಸ್ ಹಾಕುವವಳಲ್ಲ, ನಿಧಾನ ನೋಡುವವಳು. ಚಾಳೀಸು ಬಂದ ಮೇಲೆ ಫೋನಿನ ಪರದೆ ಬಿಸಿಲಲ್ಲಿ ನನಗೆ ಕಾಣುವುದೇ ಇಲ್ಲ, ಲೂಪ್‌ಗೆ ಚಾಳೀಸು ತೆಗೆದು ಕಣ್ಣಿಗೆ ಒತ್ತಿ ಹಿಡಿದರೆ ಆಯಿತು. ನಿಮಗೆ ವರದಿಯಲ್ಲಿ ಅಂಟಿಸಲು ಫೋಟೋ ಬೇಕೇ ಬೇಕು ಅಂದರೆ ಲೂಪ್ ಅನ್ನೇ ಫೋನಿನ ಕ್ಯಾಮೆರಾ ಮುಂದೆ ಹಿಡಿದು ತೆಗೆಯಿರಿ, ಕೆಲಸಕ್ಕೆ ಸಾಕಾಗುವಷ್ಟು ಬರುತ್ತದೆ. ಬರೀ ಫೋಟೋದ ಹುಚ್ಚಿನವರು, ಮನೆಯಲ್ಲಿ ಕೂತು ತೆಗೆಯುವ ತಾಳ್ಮೆ ಇರುವವರು ಮಾತ್ರ ಕ್ಲಿಪ್ ಲೆನ್ಸ್ ತಗೊಳ್ಳಿ.

ನನ್ನ ಲೂಪ್ ಹುಬ್ಬಳ್ಳಿಯ ಪೇಟೆಯಲ್ಲಿ 250 ರೂಪಾಯಿಗೆ ಸಿಕ್ಕಿತು. ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಗಾಜಿನದೇ ತಗೊಳ್ಳಿ, ಪ್ಲಾಸ್ಟಿಕ್ ಆದರೆ ಗೀರು ಬೀಳುತ್ತದೆ. ತಂದ ಕೂಡಲೇ ಒಂದು ಕೆಂಪು ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಹುಲ್ಲಿನಲ್ಲಿ ಬಿದ್ದರೆ ಹಸಿರು ದಾರ ಕಾಣುವುದಿಲ್ಲ. ಒಂದು ಕ್ಲಿಪ್ ಲೆನ್ಸ್ ದುಡ್ಡಿನಲ್ಲಿ ಎರಡು ಲೂಪ್ ಬರುತ್ತವೆ, ಚಿಗರಿ ಬಸ್ ಟಿಕೆಟ್ಟಿಗೂ ಉಳಿಯುತ್ತದೆ.