ಕಟರ್ ಹಚ್ಚುವ ಮುನ್ನ ಗೋಣಿ ಹಾಸುವ ಗುಜರಿ ಅಂಗಡಿ

ಕಲಬುರಗಿಯ ವರ್ತುಲ ರಸ್ತೆಯ ಪಕ್ಕದಲ್ಲಿ ಹಳೆಯ ವಾಹನಗಳನ್ನು ಬಿಚ್ಚುವ ಗುಜರಿ ಅಂಗಡಿಯೊಂದಿದೆ. ಅದರ ಫಲಕದ ಬಣ್ಣ ಎಂದೋ ಉದುರಿಹೋಗಿರುವುದರಿಂದ ಹೆಸರು ಓದಲು ಬರುವುದಿಲ್ಲ. ಅಕ್ಕಪಕ್ಕದ ಗ್ಯಾರೇಜಿನವರು ಅದನ್ನು ಗೋಣಿ ಹಾಸುವವರ ಅಂಗಡಿ ಎಂದೇ ಗುರುತಿಸುತ್ತಾರೆ. ನಮ್ಮ ಭಾಗದ ಆಡುಮಾತಿನಲ್ಲಿ ಗುಜರಿಗೆ ಭಂಗಾರ ಎನ್ನುವುದು ರೂಢಿ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು ಆ ರಸ್ತೆಯ ಫಲಕಗಳನ್ನು ಓದಿ, ಈ ಊರಿನಲ್ಲಿ ಇಷ್ಟೊಂದು ಚಿನ್ನದಂಗಡಿಗಳೇ ಎಂದು ಬೆರಗಾದದ್ದುಂಟು. ತಂದೆಯವರು ಓಡಿಸುತ್ತಿದ್ದ 1991ರ ಪ್ರೀಮಿಯರ್ ಪದ್ಮಿನಿ ಕಾರನ್ನು ಕಳೆದ ಮಾರ್ಚಿನಲ್ಲಿ ನಾನು ಇಲ್ಲಿಗೆ ಕೊಟ್ಟೆ. ಹಳೆಯ ವಾಹನವನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಏನು ಮಾಡುವುದೆಂದು ತೋಚದೆ ಇರುವವರಿಗಾಗಿ ಆ ಎರಡು ಬೆಳಗಿನ ಅನುಭವವನ್ನು ಬರೆಯುತ್ತಿದ್ದೇನೆ.

ಗುಜರಿಯವರ ವಿಷಯದಲ್ಲಿ ನನಗೆ ಹಿಂದಿನ ಒಂದು ಕಹಿ ನೆನಪಿತ್ತು. ಏಳು ವರ್ಷದ ಕೆಳಗೆ ಬಜಾಜ್ ಚೇತಕ್ ಸ್ಕೂಟರನ್ನು ಬೇರೊಂದು ಅಂಗಡಿಗೆ ಒಯ್ದಿದ್ದೆ. ತೂಕವಾಗಿ, ಹಣ ಎಣಿಸಿಕೊಂಡು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಅದರ ಡಿಕ್ಕಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿಬಿಟ್ಟಿದ್ದರು. ಅದರೊಳಗೆ ತಂದೆಯವರ ಓದುವ ಕನ್ನಡಕವೂ ಹೊಲದ ಪಹಣಿಯ ಪ್ರತಿಯೂ ಇದ್ದವೆಂಬುದು ನನಗೆ ಹೊಳೆದದ್ದೇ ಆ ಸದ್ದು ಕೇಳಿದ ಮೇಲೆ. ಪಹಣಿಯನ್ನು ಇನ್ನೊಮ್ಮೆ ತೆಗೆಸಬಹುದಿತ್ತು, ತೆಗೆಸಿದೆ. ಕನ್ನಡಕದ ಚೂರುಗಳನ್ನು ಅಲ್ಲಿನ ಹುಡುಗ ಚಪ್ಪಲಿಯ ತುದಿಯಿಂದ ಸರಿಸಿ ತೋರಿಸಿದ. ನೋಡಿಕೊಳ್ಳದೆ ಕೊಟ್ಟ ತಪ್ಪು ನನ್ನದೂ ಹೌದು, ಆದರೆ ಡಿಕ್ಕಿ ತೆರೆದು ನೋಡಿದಿರಾ ಎಂದು ಒಂದು ಮಾತು ಕೇಳಲು ಅವರಿಗೆ ಏನೂ ಖರ್ಚಾಗುತ್ತಿರಲಿಲ್ಲ.

ಈ ಅಂಗಡಿಯವರು ಆ ಮಾತನ್ನೇ ಮೊದಲು ಕೇಳುತ್ತಾರೆ. ವಾಹನವನ್ನು ಒಳಗೆ ತಳ್ಳಿಕೊಂಡು ಬಂದ ಮೇಲೆ, ಪಾನಾ ಕೈಗೆತ್ತಿಕೊಳ್ಳುವುದಕ್ಕೂ ಮುಂಚೆ, ಹೊಲಿಗೆ ಬಿಚ್ಚಿದ ಗೋಣಿಚೀಲವೊಂದನ್ನು ನೆಲಕ್ಕೆ ಹಾಸುತ್ತಾರೆ. ಸೀಟಿನಡಿ, ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲುಗಳ ಹೊಟ್ಟೆಯಲ್ಲಿ, ಸ್ಟೆಪ್ನಿಯ ಗುಂಡಿಯಲ್ಲಿ ಸಿಕ್ಕಿದ್ದೆಲ್ಲವೂ, ಗುಂಡುಪಿನ್ನಿನವರೆಗೆ, ಆ ಗೋಣಿಯ ಮೇಲೆಯೇ ಬೀಳಬೇಕು. ಬಿ.ಕಾಂ. ಓದುತ್ತಿರುವ ಯಜಮಾನರ ಮಗಳು ಕಾಲೇಜಿಗೆ ಹೋಗುವ ಮೊದಲು ಒಂದು ಉದ್ದನೆಯ ಖಾತೆಪುಸ್ತಕದಲ್ಲಿ ವಾಹನದ ಸಂಖ್ಯೆ, ದಿನಾಂಕ, ಸಿಕ್ಕ ವಸ್ತು, ಸಿಕ್ಕ ಜಾಗ ಇವುಗಳನ್ನು ಬರೆದು, ವಸ್ತುಗಳನ್ನು ವಾಹನದ ಮಾಲೀಕರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಬೇಡವೆಂದವು ಡಾಲ್ಡಾ ಡಬ್ಬಿಗಳಲ್ಲಿ ಆರು ತಿಂಗಳು ಉಳಿಯುತ್ತವೆ.

ಇಷ್ಟೆಲ್ಲ ಏಕೆ ಎಂದು ಕೇಳಿದಾಗ ಯಜಮಾನರು ಭಯದ ಮಾತನ್ನೇ ಹೇಳಿದರು. ಗ್ಯಾಸ್ ಕಟರಿನ ಉರಿ ತಗಡಿಗೆ ತಗುಲಿದಾಗ ಅದರ ಹಿಂದೆ ಏನಿದೆ ಎಂಬುದು ಕತ್ತರಿಸುವವನಿಗೆ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಜಾರಿಬಿದ್ದ ಸೆಂಟಿನ ಡಬ್ಬಿ ಕಾದರೆ ಸಿಡಿಯುತ್ತದೆ. ಸೀಟಿನ ನಾರನ್ನು ಕಿತ್ತು ಇಲಿಗಳು ಕಟ್ಟಿದ ಗೂಡು ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. "ಲೈಟರ್ ಸಣ್ಣದು ಅದ ಅಂತ ಬಿಟ್ರ, ಕಟರ್ ಹಿಡಿದವನ ಕಣ್ಣೇ ಹೋಗ್ತದ್ರಿ ಸರ" ಎಂದರು. ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿಗೆ ಅವರು ಹೆಚ್ಚು ಹೆದರುತ್ತಾರೆ, ಏಕೆಂದರೆ ಒಳಗುಳಿದ ಆವಿ ಗಾಳಿಯೊಡನೆ ಬೆರೆತರೆ ಒಂದು ಕಿಡಿ ಸಾಕು. ಆದ್ದರಿಂದ ಟ್ಯಾಂಕನ್ನು ಮೊದಲೇ ಇಳಿಸಿ, ನೀರು ತುಂಬಿಸಿ, ದೂರದ ಗೋಡೆಗೆ ಒರಗಿಸಿಡುತ್ತಾರೆ. ವರ್ಷಗಟ್ಟಲೆ ನಿಂತ ವಾಹನವಾದರೆ ಸೀಟುಗಳ ಮೇಲೆ ಕೋಲಿನಿಂದ ಬಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಕೈ ಹಾಕುತ್ತಾರೆ. ನಮ್ಮ ಕಡೆಯ ಚೇಳುಗಳ ಪರಿಚಯವಿದ್ದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ನಮ್ಮ ಪದ್ಮಿನಿ 2013ರಿಂದ ಅಂಗಳದ ಬೇವಿನ ಮರದ ಕೆಳಗೆ ನಿಂತಿತ್ತು. ಅದನ್ನು ಬಿಚ್ಚಿದವರು ಅರವತ್ತು ದಾಟಿದ, ಎಲ್ಲರೂ ಚಾಚಾ ಎಂದು ಕರೆಯುವ ಮಿಸ್ತ್ರಿ. ಮುಂದಿನ ಸೀಟು ಬಂದದ್ದು ಒಂದೇ ಹಲಗೆಯಂತೆ, ಇಡಿಯಾಗಿ. ಪದ್ಮಿನಿಯ ಗೇರು ಸ್ಟಿಯರಿಂಗಿನ ಕಂಬಕ್ಕೇ ಇದ್ದುದರಿಂದ ಮುಂದೆ ಮೂವರು ಕೂರಬಹುದಿತ್ತು, ನಡುವಿನ ಜಾಗ ಬಾಲ್ಯದಲ್ಲಿ ನನ್ನದಾಗಿತ್ತು. ಅದರಡಿ ಸಿಕ್ಕಿದ್ದು ನಾಣ್ಯಗಳು: ಘೇಂಡಾಮೃಗದ ಚಿತ್ರವಿರುವ 25 ಪೈಸೆಯವು ಆರು, ಹಗುರಾದ ಅಲ್ಯೂಮಿನಿಯಮ್ಮಿನ ಆರು ಮೂಲೆಯ 20 ಪೈಸೆಯದು ಒಂದು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತಾದ್ದರಿಂದ ಅವುಗಳ ಬೆಲೆ ಈಗ ಗೋಣಿಯ ಮೇಲಿನ ಹಳೆಯ ನಟ್ಟುಬೋಲ್ಟಿಗಿಂತ ಕಡಿಮೆ. ಮುಂಗಾಜಿನ ಕೆಳಗಿನ ಸಂದಿಯಿಂದ ಚಾಚಾ ಇಕ್ಕಳದಲ್ಲಿ ಎಳೆದದ್ದು ದಪ್ಪ ರಟ್ಟಿನ ಚಿಕ್ಕ ರೈಲು ಟಿಕೆಟು, ಗುಲ್ಬರ್ಗಾದಿಂದ ವಾಡಿಗೆ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಆ ಹೊತ್ತಿಗೆ ಕಾರು ನಿಂತೇ ಒಂದು ವರ್ಷವಾಗಿತ್ತು. ಸ್ವಂತ ಕಾರಿದ್ದ ತಂದೆಯವರು ಅಷ್ಟು ಹತ್ತಿರದ ವಾಡಿಗೆ ರೈಲಿನಲ್ಲಿ ಏಕೆ ಹೋದರೆಂಬುದನ್ನು ಕೇಳಲು ಈಗ ಅವರಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಬಾಗಿಲುಗಳು. ಕಿಟಕಿಯ ಗಾಜು ಇಳಿಯುವ ಸೀಳಿನ ರಬ್ಬರು ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಾಯಿಬಿಡುತ್ತದೆ, ಅಲ್ಲಿಂದ ಒಳಗೆ ಜಾರಿದ್ದು ಬಾಗಿಲಿನ ತಳಕ್ಕೆ ಹೋಗಿ ಕೂರುತ್ತದೆ. ಮಳೆನೀರು ಹೊರಹೋಗಲು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು, ಕಾಗದ ಸೇರಿ ಅವು ಮುಚ್ಚಿಕೊಂಡರೆ ನೀರು ನಿಂತು ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಮ್ಮ ಕಾರಿನ ಎಡಬಾಗಿಲು ಕೆಳಗಿನಿಂದ ಹಪ್ಪಳದಂತಾಗಿದ್ದಕ್ಕೆ ಕಾರಣ ಅಂದು ತಿಳಿಯಿತು: ಒಂದು ತೂತಿಗೆ ಅಡ್ಡವಾಗಿ ಗಾಣಗಾಪುರದ ಭಸ್ಮದ ಪೊಟ್ಟಣ, ಇನ್ನೊಂದಕ್ಕೆ ಅರ್ಧ ಬಾಚಣಿಗೆ.

ಆ ಕೆಸರಿನಲ್ಲೇ ಕಡಲೆಕಾಳಿಗಿಂತ ತುಸು ದೊಡ್ಡದಾದ ಕಪ್ಪು ಗುಂಡಿಯೊಂದಿತ್ತು. ಚಾಚಾ ಅದಕ್ಕೆ ಅಯಸ್ಕಾಂತ ತಾಗಿಸಿದರು, ಅಂಟಲಿಲ್ಲ. ಬಾಗಿಲ ಹಿಡಿಕೆ, ಕಾರ್ಬುರೇಟರು ಮುಂತಾದ ಸತುವಿನ ಸಾಮಾನುಗಳ ಬುಟ್ಟಿಯ ಕಡೆ ಕೈ ಚಾಚಿದವರು ಏನೋ ಅನುಮಾನ ಬಂದು, ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದರು. ಕಪ್ಪಿನ ನಡುವೆ ಬೆಳ್ಳಿಯ ಹೂವಿನ ನಾಲ್ಕು ಎಸಳು ಕಂಡವು. ಅದು ಬೀದರಿನ ಬಿದ್ರಿ ಕೆಲಸದ ಗುಂಡಿ, ತಂದೆಯವರ ಜುಬ್ಬಾದ ಜೊತೆಯ ನಾಲ್ಕರಲ್ಲಿ ಕಳೆದುಹೋದ ಒಂದು. ಚಾಚಾರ ಅಯಸ್ಕಾಂತ ಸುಳ್ಳು ಹೇಳಿರಲಿಲ್ಲ, ಬಿದ್ರಿಯ ಲೋಹವೂ ಬಹುಪಾಲು ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಸತುವು ಕಪ್ಪಾಗುತ್ತದೆ, ಕೆತ್ತಿ ಕೂರಿಸಿದ ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಸತುವಿಗೆ ಕಬ್ಬಿಣದ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಸುತ್ತಲಿನ ಬಾಗಿಲು ಕರಗಿಹೋದರೂ ಗುಂಡಿ ಉಳಿದಿತ್ತು. ಈ ಗುಂಡಿ ಕಳೆದಾಗ ಅಮ್ಮ ಇಸ್ತ್ರಿ ಅಂಗಡಿಯವರ ಮೇಲೆ ಅನುಮಾನಪಟ್ಟು, ಅವರಿಗೆ ಬಟ್ಟೆ ಕೊಡುವುದನ್ನೇ ನಿಲ್ಲಿಸಿದ್ದರು. ಸಂಜೆ ಗುಂಡಿಯನ್ನು ಕೈಗಿಟ್ಟಾಗ ಅವರು ಮೊದಲು ಕೇಳಿದ್ದು ಆ ಇಸ್ತ್ರಿಯವರು ಈಗ ಎಲ್ಲಿದ್ದಾರೆ ಎಂದು.

ಸಹಿ ಹಾಕುವಾಗ ಖಾತೆಪುಸ್ತಕದ ಹಿಂದಿನ ಪುಟಗಳನ್ನೂ ತಿರುವಿ ನೋಡಿದೆ, ಅವರು ಬೇಡವೆನ್ನಲಿಲ್ಲ. ಜೀಪೊಂದರ ಎದುರು ‘ತೊಗರಿ, ಸುಮಾರು ಒಂದು ಸೇರು, ಏರ್ ಫಿಲ್ಟರ್ ಡಬ್ಬಿ’ ಎಂದಿತ್ತು. ಹೊಲದ ಬದಿಗೆ ನಿಂತ ಜೀಪಿನಲ್ಲಿ ಇಲಿಗಳು ಕಾಳು ಕೂಡಿಡುವುದು ಹೊಸದೇನಲ್ಲ, ಆದರೆ ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯುವ ಮೊದಲೇ ಅದರ ಬೆಲೆ ಈ ಇಲಿಗಳಿಗೆ ತಿಳಿದಿತ್ತೆಂದು ಕಾಣುತ್ತದೆ. ಮಾರುತಿ 800 ಒಂದರ ಸೀಟಿನ ಹೊದಿಕೆಯೊಳಗೆ ಹಳೆಯ 500ರ ನೋಟುಗಳು ನಾಲ್ಕು ಸಿಕ್ಕಿದ್ದವು. 2017ರ ಕಾಯಿದೆಯಂತೆ ರದ್ದಾದ ನೋಟುಗಳನ್ನು ಹತ್ತರವರೆಗೆ ಇಟ್ಟುಕೊಂಡರೆ ಅಪರಾಧವಾಗದು ಎಂದು ಯಾರೋ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದರು. ನನಗೆ ಬಹಳ ಹಿಡಿಸಿದ ನಮೂದು ಇದು: ‘ಹಾವಿನ ಪೊರೆ, 1, ಡ್ಯಾಶ್‌ಬೋರ್ಡಿನ ಹಿಂದೆ, ಮಾಲೀಕರು ಬೇಡ ಎಂದರು.’

ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಕಚೇರಿಯಂತಿರುವ ತಗಡಿನ ಕೋಣೆಯ ಗೋಡೆಗೆ, ವಾಹನಗಳಲ್ಲಿ ಸಿಕ್ಕ ಜನರ ಫೋಟೋಗಳನ್ನು ಮೊಳೆ ಹೊಡೆದು ಹಾಕಿದ್ದಾರೆ. ಶಾಲೆಯ ಗುಂಪು ಚಿತ್ರಗಳು, ತೊಟ್ಟಿಲ ಶಾಸ್ತ್ರದ ಕೂಸು, ಬಂದೇ ನವಾಜ್ ದರ್ಗಾದ ಮುಂದೆ ನಿಂತ ನವದಂಪತಿ. ಅವರ ಒಪ್ಪಿಗೆಯಿಲ್ಲದೆ ಹೀಗೆ ಬಂದವರೆಲ್ಲ ನೋಡುವಂತೆ ಹಾಕುವುದು ಸರಿಯಲ್ಲವೆಂದು ಯಜಮಾನರಿಗೆ ಹೇಳಿದೆ. "ಯಾರರೇ ಗುರುತು ಹಿಡದು ಒಯ್ಯಲಿ ಅಂತ ಹಾಕೀನ್ರಿ, ಡಬ್ಯಾಗ ಇಟ್ರ ಯಾರಿಗಿ ಕಾಣ್ತದ" ಎಂದು ಅವರು ಕೇಳಿದರು. ಎರಡು ಚಿತ್ರಗಳು ಹಾಗೆ ಮನೆ ಸೇರಿವೆಯಂತೆ. ಉತ್ತರ ತೂಕದ್ದೇ, ಆದರೂ ಮಕ್ಕಳ ಚಿತ್ರಗಳನ್ನಾದರೂ ಒಳಗಿಡಬೇಕೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ದರದ ಬಗ್ಗೆ ಹೇಳುವುದಾದರೆ, ಬೇರೆ ಕಡೆ ಕೇಳಿದ್ದಕ್ಕಿಂತ ಇಲ್ಲಿ ಕೆ.ಜಿ.ಗೆ 2 ರೂಪಾಯಿ ಕಡಿಮೆ. ಕಾಟಾದ ಮೇಲೆ ನಮ್ಮ ಕಾರು 740 ಕೆ.ಜಿ. ತೂಗಿದ್ದರಿಂದ ನನಗೆ 1480 ರೂಪಾಯಿ ಕಡಿಮೆ ಬಂತು, ನಾನು ಚೌಕಾಸಿ ಮಾಡಲಿಲ್ಲ. ಕಾಗದಪತ್ರದ ವಿಷಯದಲ್ಲಿ ಎಚ್ಚರಿಕೆ ಬೇಕು. ಕೇಂದ್ರ ಸರ್ಕಾರದ 2021ರ ನಿಯಮಗಳಡಿ ನೋಂದಣಿಯಾದ ಗುಜರಿ ಕೇಂದ್ರಗಳು ವಾಹನ ಒಪ್ಪಿಸಿದ್ದಕ್ಕೆ ಕೊಡುವ ಠೇವಣಿ ಪ್ರಮಾಣಪತ್ರ ಈ ಅಂಗಡಿಯಲ್ಲಿ ಸಿಗುವುದಿಲ್ಲ, ಅದನ್ನು ಯಜಮಾನರು ಮೊದಲೇ ಸ್ಪಷ್ಟವಾಗಿ ಹೇಳುತ್ತಾರೆ. ಆ ಪತ್ರವಿದ್ದರೆ ಹೊಸ ಸ್ವಂತ ವಾಹನದ ತೆರಿಗೆಯಲ್ಲಿ 25 ಶೇಕಡಾದವರೆಗೆ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. ಹೊಸ ಕಾರು ಕೊಳ್ಳುವವರು ಲೆಕ್ಕ ಹಾಕಿ, ನೋಂದಾಯಿತ ಕೇಂದ್ರಕ್ಕೇ ಹೋಗುವುದು ಜಾಣತನ. ಮೋಟಾರು ವಾಹನ ಕಾಯಿದೆಯ 55ನೇ ಕಲಮಿನಂತೆ, ವಾಹನ ನಾಶವಾದುದನ್ನು 14 ದಿನಗಳೊಳಗೆ ಆರ್.ಟಿ.ಒ.ಗೆ ತಿಳಿಸುವ ಹೊಣೆಯೂ ಮಾಲೀಕರದೇ. ಚಾಸಿ ಸಂಖ್ಯೆ ಇದ್ದ ತಗಡಿನ ತುಂಡನ್ನು ನನ್ನೆದುರಿಗೇ ಕತ್ತರಿಸಿ, ಅಂಚು ಉಜ್ಜಿ, ನನ್ನ ಕೈಗೆ ಕೊಟ್ಟರು.

ಹೋಗುವವರು ಬೆಳಿಗ್ಗೆ ಏಳಕ್ಕೇ ಹೋಗಬೇಕು, ಏಕೆಂದರೆ ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಕಾದ ತಗಡನ್ನು ಮುಟ್ಟಲಾಗದೆ ಕೆಲಸ ನಿಲ್ಲಿಸುತ್ತಾರೆ. ಕೂರಲು ನೆರಳಿಲ್ಲ, ಕುಡಿಯುವ ನೀರನ್ನು ಒಯ್ಯುವುದು ಒಳ್ಳೆಯದು. ನೆಲಕ್ಕೆ ಚೆಲ್ಲಿದ ಹಳೆಯ ಆಯಿಲ್ಲಿನ ಬಗ್ಗೆ ಅವರಿಗೆ ವಾಹನಗಳೊಳಗಿನ ಗುಂಡುಪಿನ್ನಿನ ಮೇಲಿರುವಷ್ಟು ಕಾಳಜಿಯಿಲ್ಲ, ನನ್ನ ಚಪ್ಪಲಿ ಹಾಳಾಯಿತು. ಆರ್.ಸಿ.ಯ ಜೊತೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಕೀಲಿ ಇದ್ದರೆ ತಪ್ಪದೆ ಒಯ್ಯಿರಿ, ಬೀಗ ಮುರಿಯಲು ಅವರು ಬೇಗ ಒಪ್ಪುವುದಿಲ್ಲ.

ಕಾರು ಕೊಟ್ಟ ಒಂಬತ್ತನೆಯ ದಿನ ಯಜಮಾನರ ಮಗಳು ಫೋನು ಮಾಡಿದ್ದರು. ಹಿಂದಿನ ಸೀಟಿನ ಸ್ಪ್ರಿಂಗುಗಳನ್ನು ಬೇರ್ಪಡಿಸುವಾಗ ಇನ್ನೊಂದು 25 ಪೈಸೆ ಸಿಕ್ಕಿದೆ, ಬಂದು ಸಹಿ ಹಾಕಿ ಒಯ್ಯಬೇಕು ಎಂದರು. ನೀವೇ ಇಟ್ಟುಕೊಳ್ಳಿ ಎಂದೆ. ಹಾಗಾದರೂ ಬೇಡ ಎಂದು ಬರೆದು ಸಹಿ ಹಾಕಲು ಬರಲೇಬೇಕಂತೆ.