ಹೊಳಪಿಲ್ಲದ ಸ್ವರ್ಗ: ಒಂದು ಪ್ರಿಂಟ್, ಐದಕ್ಕೆ ಮೂರು ಸ್ಟಾರ್

ನಾನು ಇಪ್ಪತ್ತೆರಡು ವರ್ಷ ಎನಾಮಲ್ ಪೇಂಟಿನಲ್ಲಿ ಅಂಗಡಿ ಬೋರ್ಡ್ ಬರೆದವನು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಎತ್ತಿಟ್ಟೆ. ಹಾಗಾಗಿ ಇಲ್ಲಿ ಕಲೆಗಿಂತ ಪೇಂಟಿನ ಮಾತೇ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ.

ತರಿಸಿಕೊಂಡದ್ದು ಚಿತ್ರಕಾರ ರಕೀಬ್ ಶಾ ಅವರ 'ಗಾರ್ಡನ್ ಆಫ್ ಅರ್ತ್ಲಿ ಡಿಲೈಟ್ಸ್' (ಅಂದರೆ ಭೂಮಿಯ ಸುಖಗಳ ತೋಟ) ಸರಣಿಯ ಒಂದು ಚಿತ್ರದ ಪ್ರಿಂಟ್. ಹೊಳಪಿಲ್ಲದ ದಪ್ಪ ಮ್ಯಾಟ್ ಪೇಪರ್, ಎರಡಡಿ ಅಗಲ. ಶಾ ಹುಟ್ಟಿದ್ದು 1974ರಲ್ಲಿ ಕಲ್ಕತ್ತಾದಲ್ಲಿ, ಬೆಳೆದದ್ದು ಕಾಶ್ಮೀರದಲ್ಲಿ, ಈಗ ಇರುವುದು ಲಂಡನ್‌ನಲ್ಲಿ. ಸರಣಿಯ ಹೆಸರು ಐನೂರು ವರ್ಷ ಹಿಂದಿನ ಡಚ್ ಚಿತ್ರಕಾರ ಹಿರೊನಿಮಸ್ ಬಾಷ್‌ನ ಚಿತ್ರದ್ದೇ. ಆದರೆ ಬಾಷ್‌ನ ತೋಟ ನೆಲದ ಮೇಲಿದೆ, ಶಾ ಅವರದ್ದು ನೀರಿನಡಿ. ಹವಳ, ಮೀನು, ಅರ್ಧ ಮನುಷ್ಯ ಅರ್ಧ ಪ್ರಾಣಿ. ಇದೂ ಒಂದು ಸ್ವರ್ಗವೇ, ಆದರೆ ಸ್ವರ್ಗ ಅಂದರೆ ಬಿಳಿ ಮೋಡ ಅಂದುಕೊಂಡವರಿಗೆ ಗಾಬರಿ ಆಗುತ್ತದೆ. ಅಲ್ಲಿ ಯಾರೂ ಸುಮ್ನೆ ಕೂತಿಲ್ಲ. ಅಪ್ಪಿಕೊಂಡಿದ್ದಾರೋ ಕಚ್ಚುತ್ತಿದ್ದಾರೋ, ಎರಡು ಸಲ ನೋಡಬೇಕು.

ನನ್ನನ್ನು ಹಿಡಿದು ಕೂರಿಸಿದ್ದು ಅದಲ್ಲ, ಅವರು ಕೆಲಸ ಮಾಡುವ ರೀತಿ. ಕ್ಯಾನ್ವಾಸಿನ ಎಣ್ಣೆಬಣ್ಣ ಬಿಟ್ಟು, ನಾವು ಬೋರ್ಡಿಗೆ ಹಚ್ಚುತ್ತಿದ್ದ ಜಾತಿಯ ಎನಾಮಲ್, ಕಾರಿಗೆ ಹೊಡೆಯುವ ಪೇಂಟ್! ಮೊದಲು ಗ್ಲಾಸ್ ಪೇಂಟಿಂಗಿನ ಲೈನರ್‌ನಿಂದ, ಅಂದರೆ ಒತ್ತಿದರೆ ದಪ್ಪ ಬಣ್ಣ ಬರುವ ಟ್ಯೂಬಿನಿಂದ, ಚಿನ್ನದ ಬಣ್ಣದ ಗೆರೆ ಎಳೆಯುತ್ತಾರೆ. ಅದು ಒಣಗಿದರೆ ಉಬ್ಬಿದ ಬದು. ಆ ಬದುವಿನೊಳಗೆ ಪೇಂಟ್ ಸುರಿದು, ಮುಳ್ಳುಹಂದಿಯ ಮುಳ್ಳಿನಿಂದ ಬಣ್ಣಕ್ಕೆ ಬಣ್ಣ ಸೇರಿಸುತ್ತಾ ಹೋಗುತ್ತಾರೆ. ಎನಾಮಲ್ ಹಿಡಿದವರಿಗೆ ಇದರ ಕಷ್ಟ ಗೊತ್ತು. ಸ್ವಲ್ಪ ತಡ ಮಾಡಿದರೆ ಮೇಲೆ ಕೆನೆ ಕಟ್ಟುತ್ತದೆ, ಆಮೇಲೆ ಮುಟ್ಟಿದರೆ ಸುಕ್ಕು. ಬೇಗ ಮಾಡಿದರೆ ಎಲ್ಲ ಕಲಸಿ ಕೆಸರು. ಬರೆಯುವ ಕಾಲದಲ್ಲಿ ಒಂದು ಹನಿ ಇಳಿದರೂ ಬೈಸಿಕೊಳ್ಳುತ್ತಿದ್ದೆವು. ಇವರು ಆ ಹರಿಯುವ ಗುಣವನ್ನೇ ಕೆಲಸಕ್ಕೆ ಹಾಕಿಕೊಂಡಿದ್ದಾರೆ. 2007ರಲ್ಲಿ ಲಂಡನ್ ಹರಾಜಿನಲ್ಲಿ ಈ ಸರಣಿಯ ಮೂರನೆಯ ಚಿತ್ರ 27 ಲಕ್ಷ ಪೌಂಡ್ ದಾಟಿತು. ಅದೂ ಡಬ್ಬದ ಪೇಂಟಿನಲ್ಲಿ!

ಈಗ ಪ್ರಿಂಟಿನ ವಿಷಯ. ಪ್ಯಾಕಿಂಗ್ ಚೆನ್ನಾಗಿತ್ತು, ಗಟ್ಟಿ ಕೊಳವೆ, ಮೂಲೆ ಮಡಿಸಿರಲಿಲ್ಲ. ಗೆರೆಗಳು ಚೂಪಾಗಿವೆ, ಭೂತಗನ್ನಡಿ ಹಿಡಿದರೆ ಮೀನಿನ ಹುರುಪೆಯನ್ನೂ ಎಣಿಸಬಹುದು. ಆದರೆ ಚಿನ್ನ ಎಲ್ಲಿ? ಆ ಗೆರೆಗಳು ಸಾಸಿವೆ ಬಣ್ಣಕ್ಕೆ ಬಂದಿವೆ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕಾಗದದ ಪಕ್ಕದಿಂದ ಓರೆಯಾಗಿ ಹಿಡಿದು ಮೆಲ್ಲಗೆ ಸರಿಸಿದೆ. ಏನೂ ಆಗಲಿಲ್ಲ. ಎನಾಮಲ್ ಆಗಿದ್ದರೆ ಬೆಳಕು ಗೆರೆ ಹತ್ತಿ ಇಳಿದು ನೀರಿನ ಹಾಗೆ ಓಡಬೇಕಿತ್ತು. ಸಮುದ್ರದಡಿಯ ಸ್ವರ್ಗದಲ್ಲಿ ನೀರೇ ಇಲ್ಲ ಅಂದರೆ ಹೇಗೆ? ಮಾರಿದವರಿಗೆ ಬರೆದು ಕೇಳಿದೆ, ಗ್ಲಾಸಿ ಪೇಪರ್ ಇದೆಯಾ ಅಂತ. 'ಮ್ಯಾಟ್ ಹೆಚ್ಚು ಕಲಾತ್ಮಕ' ಅಂತ ಉತ್ತರ ಬಂತು. ಅದಕ್ಕೇ ಒಂದು ಸ್ಟಾರ್ ಕಿತ್ತೆ. ಸಾಸಿವೆ ಬಣ್ಣಕ್ಕೆ ಇನ್ನೊಂದು.

ಮ್ಯಾಟ್ ಮೇಲೆ ಗಾಜಿನ ಫ್ರೇಮ್ ಹಾಕಿಸಬೇಡಿ. ನಾನು ಹಾಕಿಸಿದೆ. ಹೊಳಪು ಬಂತು, ನಿಜ. ಆದರೆ ಹೊಳೆಯುವುದು ಎದುರಿನ ಕಿಟಕಿ, ಹವಳ ಅಲ್ಲ.

ಹಾಗಾದರೆ ಮೂರು ಯಾಕೆ ಉಳಿಸಿದೆ? ಇದನ್ನು ನೋಡಿದ ಮೇಲೆ ಹತ್ತು ವರ್ಷದಿಂದ ಅಟ್ಟದಲ್ಲಿದ್ದ ಡಬ್ಬ ಇಳಿಸಿದೆ. ಕೆಂಪು ಕಲ್ಲಾಗಿತ್ತು. ನೀಲಿಯ ಕೆನೆ ತೆಗೆದರೆ ಒಳಗೆ ಇನ್ನೂ ಜೀವ ಇತ್ತು. ಅಂಗೈಯಗಲದ ತಗಡು ಉಜ್ಜಿ, ಲೈನರ್‌ನಲ್ಲಿ ಒಂದು ಮೀನು ಬರೆದು, ಒಳಗೆ ನೀಲಿ, ಅದರ ಮೇಲೆ ಬಿಳಿಯ ಒಂದು ಹನಿ. ಮುಳ್ಳುಹಂದಿ ಮುಳ್ಳು ಎಲ್ಲಿಂದ ತರಲಿ? ಹೊಲಿಗೆ ಸೂಜಿಯಿಂದ ಎಳೆದೆ. ಬಿಳಿ ಎಳೆಎಳೆಯಾಗಿ ಹರಡಿ ಈಜುರೆಕ್ಕೆ ಆಯಿತು. ಆಮೇಲೆ ಕೈ ನಡುಗಿ ಬಾಲ ಕೆಟ್ಟಿತು.

ತಗಡನ್ನು ಫ್ರೇಮಿನ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದ್ದೇನೆ. ಒಣಗುವಾಗ ಒಂದು ಸೊಳ್ಳೆ ನೀಲಿಗೆ ಅಂಟಿಕೊಂಡಿದೆ, ರೆಕ್ಕೆ ಬಿಚ್ಚಿದ ಹಾಗೇ. ತೆಗೆದಿಲ್ಲ.