ದೂರದರ್ಶಕಕ್ಕೆ ಸ್ಟೆಲೇರಿಯಂ ಸೂಕ್ತವೋ, ಕೆಸ್ಟಾರ್ಸ್ ಸೂಕ್ತವೋ?

ಸ್ಟೆಲೇರಿಯಂ ಮತ್ತು ಕೆಸ್ಟಾರ್ಸ್ ಎರಡೂ ಕಂಪ್ಯೂಟರಿನಲ್ಲಿ ಆಕಾಶದ ನಕ್ಷೆ ತೋರಿಸುವ, ದೂರದರ್ಶಕವನ್ನೂ ನಡೆಸಬಲ್ಲ, ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು. ಯಾವುದನ್ನು ಆರಿಸಬೇಕೆಂಬುದು ನೀವು ಆಕಾಶವನ್ನು ಕಣ್ಣಾರೆ ನೋಡುವವರೋ, ಅದರ ಛಾಯಾಚಿತ್ರ ತೆಗೆಯುವವರೋ ಎಂಬುದನ್ನು ಅವಲಂಬಿಸಿದೆ. ಹೊಸಬರಿಗೆ ನಾನು ನಿಸ್ಸಂಕೋಚವಾಗಿ ಸೂಚಿಸುವುದು ಸ್ಟೆಲೇರಿಯಂ. ಊರಿನ ಹೆಸರು ಕೊಟ್ಟರೆ ಸಾಕು, ಅಲ್ಲಿಂದ ಆ ಕ್ಷಣಕ್ಕೆ ಕಾಣುವ ಆಕಾಶವನ್ನು, ದಿಗಂತದ ಮಸುಕನ್ನೂ ಬಿಡದೆ, ಅದು ಪರದೆಯ ಮೇಲೆ ತೋರಿಸುತ್ತದೆ. ಭಾರತೀಯ ಆಕಾಶ ಪರಂಪರೆಯನ್ನು ಆರಿಸಿಕೊಂಡರೆ ಕೃತ್ತಿಕೆ, ರೋಹಿಣಿಗಳೂ ಕಾಣಿಸಿಕೊಳ್ಳುತ್ತವೆ. ದೂರದರ್ಶಕದ ಪ್ಲಗಿನ್‌ಗೆ ಮೌಂಟನ್ನು (ದೂರದರ್ಶಕವನ್ನು ಹೊತ್ತು ತಿರುಗಿಸುವ ಮೋಟಾರು ಪೀಠವನ್ನು) ಜೋಡಿಸಿ, ಶನಿಗ್ರಹವನ್ನು ಆರಿಸಿ, ಕಂಟ್ರೋಲ್ ಕೀಲಿಯೊಡನೆ 1 ಒತ್ತಿದರೆ ಮೋಟಾರು ಅತ್ತ ತಿರುಗುತ್ತದೆ. ಆದರೆ ನಿಯಂತ್ರಣದ ಕೆಲಸ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಕೆಸ್ಟಾರ್ಸ್‌ನ ನಕ್ಷೆ ಅಷ್ಟು ಸುಂದರವಲ್ಲ. ಅದರ ಬಲವಿರುವುದು ಇಕೋಸ್ ಎಂಬ ಭಾಗದಲ್ಲಿ: ಉಪಕರಣಗಳನ್ನು ಕಂಪ್ಯೂಟರಿನಿಂದ ನಿಯಂತ್ರಿಸಲು ನೆರವಾಗುವ ಇಂಡಿ ಎಂಬ ಚಾಲಕ ತಂತ್ರಾಂಶಗಳ ಮೂಲಕ ಮೌಂಟ್, ಕ್ಯಾಮೆರಾ, ಚಿತ್ರವನ್ನು ಸ್ಪಷ್ಟಗೊಳಿಸುವ ಫೋಕಸರ್‌ಗಳನ್ನು ಒಟ್ಟಿಗೆ ನಡೆಸುವ ಇದು, ತೆಗೆದ ಚಿತ್ರದಲ್ಲಿರುವ ನಕ್ಷತ್ರಗಳ ವಿನ್ಯಾಸವನ್ನು ತನ್ನ ದತ್ತಾಂಶದೊಡನೆ ಹೋಲಿಸಿ, ದೂರದರ್ಶಕ ನಿಜಕ್ಕೂ ಎಲ್ಲಿ ನೋಡುತ್ತಿದೆಯೆಂದು ಲೆಕ್ಕಹಾಕಿ, ತಪ್ಪಿದ ಗುರಿಯನ್ನು ತಾನೇ ತಿದ್ದುತ್ತದೆ. ವಿಂಡೋಸ್ ಬಳಸುವವರು ಸಾಮಾನ್ಯವಾಗಿ ಈ ಚಾಲಕಗಳನ್ನು ನಡೆಸುವ ಇಂಡಿ ಸರ್ವರನ್ನು ರಾಸ್ಪ್‌ಬೆರಿ ಪೈನಂಥ ಇನ್ನೊಂದು ಪುಟ್ಟ ಕಂಪ್ಯೂಟರಿನಲ್ಲಿ ನಡೆಸಬೇಕಾಗುತ್ತದೆ. ಚಿತ್ರ ತೆಗೆಯುವ ಉದ್ದೇಶವಿಲ್ಲದವರು ಅಷ್ಟು ಶ್ರಮ ಪಡಬೇಕಾಗಿಲ್ಲ.